ಬಾಯಿಗೆ ನೀರು ಬಿಡುವುದು

‘ಕೊನೆಗಾಲಕ್ಕೆ ಬಾಯಿಗೆ ನೀರು ಬಿಡೋಕೆ ಮಕ್ಕಳು ಬೇಕು.’ ಕೊಳ್ಳೇಗಾಲ, ಹನೂರಿನ ಕಡೆ ಈ ಮಾತು ಕೇಳುತ್ತಲೇ ಬೆಳೆದವನು ನಾನು. ಇದರ ಜೀವವೆಲ್ಲ ‘ಬಿಡು’ ಎಂಬ ಪದದಲ್ಲಿದೆ. ಕೂಸಿಗೆ ಹಾಲು ಕುಡಿಸುತ್ತೇವೆ, ದನಕ್ಕೆ ನೀರು ಕುಡಿಸುತ್ತೇವೆ. ಹೋಗುವ ಜೀವದ ಬಾಯಿಗೆ ಬಿಡುತ್ತೇವೆ. ಆ ಹೊತ್ತಿಗೆ ನುಂಗುವ ಶಕ್ತಿ ಉಡುಗಿರುತ್ತದೆ, ನಾಲಗೆ ನೆನೆದರೆ ಅದೇ ಹೆಚ್ಚು. ಇತ್ತ ಮಗ ನೀರು ಬಿಟ್ಟ, ಅತ್ತ ಅಪ್ಪ ಪ್ರಾಣ ಬಿಟ್ಟ ಎನ್ನುತ್ತಾರೆ. ‘ಮಗನಿಗೋಸ್ಕರ ಜೀವ ಹಿಡಿದುಕೊಂಡಿದ್ದ’ ಎಂದೂ ಎನ್ನುತ್ತಾರೆ. ಹಿಡಿದದ್ದನ್ನು ಬಿಡುವುದಕ್ಕೂ ಯಾರೋ ಬಂದು ಮುಟ್ಟಬೇಕು.

ಎಲ್ಲ ಬಿಟ್ಟ ಸನ್ಯಾಸಿಗಳಿಗೂ ಬಂದು ಮುಟ್ಟುವ ಈ ಓಟ ತಪ್ಪಲಿಲ್ಲ. ಕೊನೆಗಾಲಕ್ಕೆ ಬರುತ್ತೇನೆಂದು ತಾಯಿ ಆರ್ಯಾಂಬೆಗೆ ಕೊಟ್ಟ ಮಾತಿನಂತೆ ಶಂಕರರು ಕಾಲಡಿಗೆ ಮರಳಿದರೆಂಬ ಕಥೆಯಿದೆ. ತಾಯಿಯನ್ನು ಕುರಿತ ‘ಮಾತೃಪಂಚಕ’ದ ಪದ್ಯಗಳು ಅವರ ಹೆಸರಿನಲ್ಲಿ ಉಳಿದಿವೆ. ತಮಿಳು ಸೀಮೆಯ ಪಟ್ಟಿನತ್ತಾರ್, ತಾಯಿಯ ಉಸಿರು ನಿಂತ ಮೇಲೆ ಬಂದವನು, ಹಸಿ ಬಾಳೆಯ ಚಿತೆ ಒಟ್ಟಿ ಹತ್ತು ಪದ್ಯ ಹಾಡಿ ಉರಿ ಹೊತ್ತಿಸಿದನಂತೆ. ತಡವಾದವನ ಸಂಕಟಕ್ಕೆ ಹಸಿ ಬಾಳೆಯೂ ಹೊತ್ತಿಕೊಂಡೀತು ಎಂದು ನಾನು ನಂಬುತ್ತೇನೆ.

ಜಪಾನಿನ ಕವಿ ಸೈತೋ ಮೋಕಿಚಿ ಹೊತ್ತಿಗೆ ಮುಟ್ಟಿದ. 1913ರಲ್ಲಿ ಟೋಕಿಯೋದಿಂದ ಯಮಗಾತಾದ ತನ್ನ ಹಳ್ಳಿಗೆ ಧಾವಿಸಿದ ಆತ, ತಾಯಿಯ ಸಾವಿನ ಬಗ್ಗೆ 59 ತಂಕಾ ಪದ್ಯಗಳನ್ನು ಬರೆದ. ಅವಳ ಮಗ್ಗುಲಲ್ಲಿ ಮಲಗಿದ ರಾತ್ರಿ, ದೂರದ ಗದ್ದೆಯ ಕಪ್ಪೆಗಳು ಅವುಗಳಲ್ಲಿವೆ. ವೃತ್ತಿಯಲ್ಲಿ ವೈದ್ಯ. ಆದರೂ ಅವನು ತಂದ ಔಷಧಕ್ಕಿಂತ ಅವಳ ನೋಟಕ್ಕೇ ಆ ಪದ್ಯಗಳಲ್ಲಿ ಹೆಚ್ಚು ತೂಕ.

ಕೊಳ್ಳೇಗಾಲಕ್ಕೆ ರೈಲಿಲ್ಲ. ಅಪ್ಪನಿಗೆ ಕೊನೆಗಾಲವೆಂದು ಬೆಂಗಳೂರಿಗೆ ಫೋನು ಬಂದ ರಾತ್ರಿ ಬಸ್ಸಿನ ಕಿಟಕಿಗೆ ಹಣೆಯೊತ್ತಿ ಕೂತಿದ್ದೆ. ಕನಕಪುರ, ಮಳವಳ್ಳಿ ದಾಟಿ ಸತ್ತೇಗಾಲದ ಹತ್ತಿರ ಕಾವೇರಿ ಸಿಕ್ಕಳು. ಅಷ್ಟು ನೀರು ಕತ್ತಲಲ್ಲಿ ಹರಿಯುತ್ತಿತ್ತು. ನನಗೆ ಬೇಕಾದದ್ದು ಒಂದು ಚಮಚ. ಕೊಳ್ಳೇಗಾಲದಲ್ಲಿ ಇಳಿದರೂ ಹನೂರು ಇನ್ನೂ 25 ಕಿ.ಮೀ.

ಅಪ್ಪನ ತಲೆದೆಸೆಯಲ್ಲಿ ಅತ್ತೆ ಕೂತಿದ್ದಳು. ರಾತ್ರಿಯೆಲ್ಲ ಹನಿ ಹನಿ ಬಿಟ್ಟವಳು ಅವಳೇ; ಗಾದೆ ಅವಳನ್ನು ಲೆಕ್ಕಕ್ಕೇ ಹಿಡಿದಿಲ್ಲ. ಚಮಚವನ್ನು ನನ್ನ ಕೈಗಿಟ್ಟು ಬಗ್ಗಿ ಹೇಳಿದಳು: “ಅಣ್ಣ, ನಿನ್ ಮಗ ಬಂದವ್ನೆ. ಕಣ್ ಬುಡು.”

ಅಪ್ಪ ಕಣ್ಣು ಬಿಟ್ಟ.