ಸಾಧ್ಯತೆ ಮತ್ತು ಆದ್ಯತೆ

ದ್ವಿತೀಯ ಪಿಯುಸಿ ಫಲಿತಾಂಶದ ಬೆನ್ನಲ್ಲೇ ಸವದತ್ತಿ ಸೀಮೆಯ ಮನೆಗಳಲ್ಲಿ ಕೇಳಿಬರುವ ಮಾತೊಂದಿದೆ: "ಎಲ್ಲಿ ಸೀಟ್ ಸಿಗತೈತಿ, ಅಲ್ಲೇ ಹಾಕವ್ವ." ಈ ಮಾತಿನಲ್ಲಿ ವಾತ್ಸಲ್ಯವಿದೆ, ಅನುಭವವಿದೆ, ಭಯವೂ ಇದೆ. ಆದರೆ "ನಿನಗೇನು ಬೇಕು?" ಎಂಬ ಪ್ರಶ್ನೆ ಇಲ್ಲಿ ಕಾಣೆಯಾಗಿದೆ. ದೊರೆಯುವ ಸಾಧ್ಯತೆಯನ್ನು ಅಳೆದು ಬಯಸಬೇಕೋ, ಬಯಸಿದ ಮೇಲೆ ಸಾಧ್ಯತೆಯನ್ನು ಅಳೆಯಬೇಕೋ? ಇದು ಜಾಣತನದ ಪ್ರಶ್ನೆ ಮಾತ್ರವಲ್ಲ, ಪ್ರಾಮಾಣಿಕತೆಯ ಪ್ರಶ್ನೆಯೂ ಹೌದು.

ಸೀಟು ಹಂಚಿಕೆಯ ಕ್ರಮವನ್ನೇ ನೋಡೋಣ. ಇಂಜಿನಿಯರಿಂಗ್ ಪ್ರವೇಶಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಪಿಯುಸಿ ಅಂಕಗಳನ್ನೂ ಸಿಇಟಿ ಅಂಕಗಳನ್ನೂ ಸಮಪಾಲಾಗಿ ಪರಿಗಣಿಸಿ ರ‍್ಯಾಂಕ್ ನೀಡುತ್ತದೆ. ಬಳಿಕ ವಿದ್ಯಾರ್ಥಿಯು ಕಾಲೇಜು ಮತ್ತು ಕೋರ್ಸುಗಳನ್ನು ತನ್ನ ಆದ್ಯತೆಯಂತೆ ಪಟ್ಟಿ ಮಾಡುತ್ತಾನೆ. ರ‍್ಯಾಂಕಿನ ಸರದಿ ಬಂದಾಗ ಆ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡಿ, ಅವನಿಗೆ ಲಭ್ಯವಿರುವ ಮೊದಲ ಸೀಟನ್ನು ಕೊಡಲಾಗುತ್ತದೆ. ದೊರೆಯುವುದು ಕಷ್ಟವೆನಿಸುವ ಕೋರ್ಸನ್ನು ಮೊದಲು ಬರೆದುದರಿಂದ ಕೆಳಗಿನ ಆಯ್ಕೆಗಳ ಅವಕಾಶ ಕುಗ್ಗುವುದಿಲ್ಲ. ಆದರೆ "ಇದಾದರೂ ಸಿಗಲಿ" ಎಂದು ಬೇಡದ್ದನ್ನು ಮೇಲೆ ಬರೆದರೆ ಅದೇ ದೊರೆತೀತು. ಅದರ ಕೆಳಗಿದ್ದ ಬೇಕಾದದ್ದು ಕೈತಪ್ಪೀತು. 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಕಾಲೇಜು ಪ್ರವೇಶದ ಸಮಸ್ಯೆಯನ್ನೇ ಗಣಿತದ ವಿಷಯವಾಗಿಸಿದರು. ಇಂಥ ಹಂಚಿಕೆಗಳ ಅಧ್ಯಯನಕ್ಕಾಗಿ ಶಾಪ್ಲಿ ಮತ್ತು ಆಲ್ವಿನ್ ರಾತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಂದಿತು. ಸರಿಯಾಗಿ ರೂಪಿಸಿದ ಹಂಚಿಕೆಯಲ್ಲಿ ತನ್ನ ಬಯಕೆಯನ್ನು ಇದ್ದಂತೆ ಹೇಳಿದವನಿಗೆ ಅದರಿಂದ ನಷ್ಟವಿಲ್ಲ ಎಂಬ ತಿಳಿವಳಿಕೆ ಈ ಚಿಂತನೆಯ ಫಲಗಳಲ್ಲೊಂದು.

ಹಾಗಾದರೆ ಹಿಂದಿನ ವರ್ಷಗಳ ಕಟ್‌ಆಫ್ ನೋಡುವುದು ವ್ಯರ್ಥವೇ? ಅಲ್ಲ. ಪಟ್ಟಿಯನ್ನು ಎಷ್ಟು ಉದ್ದಕ್ಕೆ ಒಯ್ಯಬೇಕು, ಖಚಿತವಾಗಿ ದೊರೆಯುವಂಥದ್ದು ಕೊನೆಯಲ್ಲಿ ಇದೆಯೇ ಎಂಬುದನ್ನು ಅದು ತಿಳಿಸುತ್ತದೆ. ಕ್ರಮವನ್ನು ಆದ್ಯತೆ ನಿರ್ಧರಿಸಲಿ, ಉದ್ದವನ್ನು ಸಾಧ್ಯತೆ ನಿರ್ಧರಿಸಲಿ.

ಇಲ್ಲೊಂದು ನ್ಯಾಯವಾದ ಆಕ್ಷೇಪವುಂಟು. ಮಳೆಯನ್ನು ನೆಚ್ಚಿ ಎರೆಭೂಮಿಯಲ್ಲಿ ಹತ್ತಿ, ಜೋಳ ಬೆಳೆಯುವ ಕುಟುಂಬಕ್ಕೆ ಬಯಕೆಯ ಮಾತು ದುಬಾರಿಯಲ್ಲವೇ? ತಂದೆಯ ಅಂಜಿಕೆ ಸುಳ್ಳಲ್ಲ. ಆದರೆ ಆದ್ಯತೆಯೆಂದರೆ ಹಗಲುಗನಸಲ್ಲ. ಶುಲ್ಕ, ಹಾಸ್ಟೆಲ್ ವೆಚ್ಚ, ಸಾಲದ ಭಾರ, ಮನೆಯ ಹೊಣೆ ಇವೆಲ್ಲವನ್ನೂ ತೂಗಿದ ಮೇಲೆ ಉಳಿಯುವುದೇ ನಿಜವಾದ ಆದ್ಯತೆ. ಬೆಂಗಳೂರಿನ ಕಂಪ್ಯೂಟರ್ ಸೈನ್ಸ್‌ಗಿಂತ ಸುಮಾರು 40 ಕಿ.ಮೀ. ದೂರದ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪದವಿಯನ್ನು ಒಬ್ಬಳು ಮೇಲೆ ಬರೆದರೆ ಅದು ಹಿಂಜರಿಕೆಯಾಗಬೇಕಿಲ್ಲ, ವಿವೇಕವೂ ಆಗಿರಬಹುದು. ಕೃಷಿಕರ ಮಕ್ಕಳಿಗೆ ಅಲ್ಲಿ ಮೀಸಲು ಸೀಟುಗಳೂ ಇವೆ. ಆಕೆ ಅದನ್ನು ಬಯಸಿ ಬರೆದಳೋ, ನೆರೆಯವರ ಮಾತಿಗೆ ಅಂಜಿ ಬರೆದಳೋ ಎಂಬುದಷ್ಟೇ ಪ್ರಶ್ನೆ. ಅದಕ್ಕೆ ಉತ್ತರಿಸಬೇಕಾದದ್ದು ಅವಳ ಅಂತಃಸಾಕ್ಷಿ. ಆ ಉತ್ತರವನ್ನು ಕೇಳುವ ತಾಳ್ಮೆ ಹಿರಿಯರದು.

ನಮ್ಮ ಆಯ್ಕೆಯು ಇನ್ನೊಬ್ಬರನ್ನೂ ಮುಟ್ಟುತ್ತದೆ. ಸೀಟು ಹಂಚಿಕೆಯಾದ ಬಳಿಕ ಒಪ್ಪಿ ಸೇರಬಹುದು, ಸೀಟು ಉಳಿಸಿಕೊಂಡು ಮುಂದಿನ ಸುತ್ತಿಗೆ ಕಾಯಬಹುದು, ಸೀಟು ಬಿಟ್ಟುಕೊಟ್ಟು ಕಾಯಬಹುದು, ಇಲ್ಲವೇ ಪ್ರಕ್ರಿಯೆಯಿಂದಲೇ ಹೊರಬರಬಹುದು. ಸೇರುವ ಮನಸ್ಸಿಲ್ಲದೆ ಸೀಟು ಹಿಡಿದಿಟ್ಟರೆ, ಅದಕ್ಕಾಗಿ ಕಾದಿರುವ ಯಾರದೋ ಮಗುವಿನ ಬಾಗಿಲು ಮುಚ್ಚುತ್ತದೆ. 2024ರಲ್ಲಿ ಇಂಥ ಸೀಟ್ ಬ್ಲಾಕಿಂಗ್ ವಿಷಯ ಪೊಲೀಸ್ ತನಿಖೆಯವರೆಗೂ ಹೋಯಿತು. ಹಣಕ್ಕಾಗಿ ಮಾಡಿದರೆ ಅದು ಅಪರಾಧ; ಅಸಡ್ಡೆಯಿಂದ ಮಾಡಿದರೂ ಅನ್ಯಾಯವೇ.

ಕೊನೆಗೊಂದು ಮಾತು. ಭೌತ, ರಸಾಯನ, ಗಣಿತಗಳಲ್ಲಿ ತಲಾ 60 ಪ್ರಶ್ನೆಗಳನ್ನು ಕೇಳಿ ಸಿಇಟಿ ಅಭ್ಯರ್ಥಿಗಳನ್ನು ಸಾಲಾಗಿ ನಿಲ್ಲಿಸುತ್ತದೆ. ಸೀಟುಗಳು ಕಡಿಮೆ, ಕೇಳುವವರು ಹೆಚ್ಚು ಇರುವಾಗ ಸಾಲು ಅನಿವಾರ್ಯ. ಆದರೆ ಸಾಲಿನಲ್ಲಿ ನಿಂತ ಸ್ಥಾನ ಮನುಷ್ಯನ ಬೆಲೆಯಲ್ಲ. ಪಟ್ಟಿಯ ಹತ್ತನೆಯ ಆಯ್ಕೆ ದೊರೆತವನೂ ತನ್ನ ಕೈಯಾರೆ ಬರೆದದ್ದನ್ನೇ ಪಡೆದಿರುತ್ತಾನೆ. ಆ ಹತ್ತನೆಯದನ್ನೂ ಮೊದಲನೆಯದರಷ್ಟೇ ಯೋಚಿಸಿ ಬರೆದಿದ್ದರೆ, ಅಲ್ಲಿಂದಲೂ ತಲೆಯೆತ್ತಿ ನಡೆಯಬಹುದು.