ವರ್ಷಾಂತ್ಯದ ಲೆಕ್ಕ

ಬಡ್ತಿ ಸಿಕ್ಕಿತೇ, ಕೈಕೆಳಗೆ ಎಷ್ಟು ಜನ ಎಂಬ ಲೆಕ್ಕ ಈಗ ಮನೆಮನೆಯಲ್ಲೂ ನಡೆದಿದೆ. ಜೆಬೆದಾಯನ ಮಕ್ಕಳು ಕೇಳಿದ್ದೂ ಸ್ಥಾನವನ್ನೇ. ಪ್ರಭು ತೋರಿಸಿದ್ದು ಸೇವಕನ ಜಾಗ.

ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗುವಾಗ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರು ಸಿಗುತ್ತದೆ, ಮೈಲಾರ ಮಹದೇವಪ್ಪನವರ ಹುಟ್ಟೂರು. 1930ರಲ್ಲಿ ಗಾಂಧೀಜಿಯೊಡನೆ ದಂಡಿಗೆ ಹೊರಟ ತಂಡದಲ್ಲಿ ಅವರೊಬ್ಬರೇ ಕನ್ನಡಿಗರು. ವಯಸ್ಸು ಹದಿನೆಂಟು, ಯಾವ ಪದವಿಯೂ ಇರಲಿಲ್ಲ, ಸಾಲಿನಲ್ಲಿ ನಡೆದರು, ಅಷ್ಟೇ. ಮುಂದೆ ತಾವೇ ಮುಂದಾಳಾದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯ ಖಜಾನೆಯ ಮೇಲೆ ದಾಳಿ ನಡೆಸಿದಾಗ (ಆ ದಾರಿಯನ್ನು ಒಪ್ಪುವುದು ಬಿಡುವುದು ಬೇರೆ ಮಾತು) ಗುಂಡು ಅವರಿಗೂ ತಗುಲಿತು. ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರ ಜೊತೆಗೇ ಮಡಿದರು.

ಈ ವರ್ಷ ಕೆಲಸ ಕೆಟ್ಟ ದಿನ ನೀವು ಎಲ್ಲಿ ನಿಂತಿದ್ದಿರಿ? ಬೈಗುಳವನ್ನು ಕೆಳಗಿನವನಿಗೆ ದಾಟಿಸಿದ್ದರೆ, 31ರ ರಾತ್ರಿಯ ಕೃತಜ್ಞತಾ ಬಲಿಪೂಜೆಗೆ ಮುನ್ನ ಅವನ ಮನೆಗೊಮ್ಮೆ ಹೋಗಿಬನ್ನಿ.