ತಿಳಿಯೂ ಗಸಿಯೂ

ಕಲ್ಮಷವನ್ನು ಕಳೆಯುವುದು ಸತ್ಕಾರ್ಯವೆಂಬುದರಲ್ಲಿ ಭಿನ್ನಾಭಿಪ್ರಾಯವಿರಲಾರದು. ಆದರೆ ಕಲ್ಮಷವೆಂದರೆ ಯಾವುದು, ಅದನ್ನು ಎಷ್ಟರಮಟ್ಟಿಗೆ ಕಳೆಯತಕ್ಕುದು ಎಂಬುದು ಅಷ್ಟು ಸುಲಭವಾದ ಪ್ರಶ್ನೆಯಲ್ಲ. ಮದ್ಯವನ್ನು ಮುಟ್ಟದವರು ಕೂಡ ಈ ವಿಷಯದಲ್ಲಿ ಬೀರು ತಯಾರಿಸುವವರ ಕಸುಬಿನಿಂದ ಕಲಿಯಬೇಕಾದುದುಂಟು.

ಇಂಗ್ಲೆಂಡ್, ಅಮೆರಿಕ ಮುಂತಾದ ದೇಶಗಳಲ್ಲಿ ಮನೆಯಲ್ಲಿಯೇ ಬೀರನ್ನು ತಯಾರಿಸುವ ಹವ್ಯಾಸಿಗಳು ಅನೇಕರಿರುವರು. ಮೊಳೆಯಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಯಿಸಿ ತೆಗೆದ ಸಿಹಿರಸಕ್ಕೆ ವರ್ಟ್ ಎಂದು ಹೆಸರು. ಹಾಪ್ ಎಂಬ ಕಹಿಹೂವಿನೊಡನೆ ಅದನ್ನು ಸುಮಾರು 1 ಗಂಟೆಯ ಕಾಲ ಕುದಿಸಿದಾಗ, ಬಾರ್ಲಿಯ ಸಸಾರಜನಕವು ಒಡೆದ ಹಾಲಿನಂತೆ ಗರಣೆಗಟ್ಟುತ್ತದೆ. ಆರಿಸಿದಾಗ ಮತ್ತಷ್ಟು ಬೇರೆಯಾಗುತ್ತದೆ. ಈ ಗಸಿಯನ್ನು ತೆಗೆಯಲು ರಸವನ್ನು ಸೌಟಿನಿಂದ ಒಂದೇ ದಿಕ್ಕಿಗೆ ಸುತ್ತಿಸಿ, 15-20 ನಿಮಿಷ ಸುಮ್ಮನೆ ಬಿಡುವರು. ಗಸಿಯು ತಳದ ನಡುವೆ ಗುಪ್ಪೆಯಾಗಿ ಕೂಡುತ್ತದೆ. ಅಂಚಿನಿಂದ ತಿಳಿಯನ್ನು ಬಸಿದುಕೊಳ್ಳುವರು. ಚಹದ ಬಟ್ಟಲಿನಲ್ಲಿ ಎಲೆಗಳು ಹೀಗೆಯೇ ನಡುವೆ ಸೇರುವುದಕ್ಕೆ ಐನ್‌ಸ್ಟೈನನು 1926ರಲ್ಲಿ ಕಾರಣವನ್ನು ಕೊಟ್ಟನು: ತಳದ ಘರ್ಷಣೆಯಿಂದ ಅಲ್ಲಿನ ನೀರಿನ ವೇಗವು ಕುಗ್ಗಿ, ಅದು ಕೇಂದ್ರದ ಕಡೆಗೆ ಹರಿಯುತ್ತದೆ.

ಗಸಿಯು ಹೆಚ್ಚಾಗಿ ಉಳಿದರೆ ರುಚಿಯು ಕೆಡುತ್ತದೆ. ಹಾಗೆಂದು ಅದನ್ನು ನಿಶ್ಶೇಷವಾಗಿ ತೆಗೆದರೆ ಉತ್ತಮವಾದೀತೆ? ಇಲ್ಲ. ಆ ಗಸಿಯಲ್ಲಿರುವ ಮೇದಸ್ಸು, ಸತು ಮುಂತಾದುವು ಯೀಸ್ಟಿಗೆ ಪೋಷಕಗಳು; ಅತಿಯಾಗಿ ತಿಳಿಯಾದ ರಸದಲ್ಲಿ ಹುದುಗುವಿಕೆಯು ಮಂದವಾಗುವುದುಂಟು.

ಯೀಸ್ಟಿನ ಕಥೆಯೋ ಇನ್ನೂ ವಿಚಿತ್ರವಾದುದು. ಬವೇರಿಯದ 1516ರ ಪ್ರಸಿದ್ಧ ಕಟ್ಟಳೆಯು ಬೀರಿಗೆ ಬಾರ್ಲಿ, ಹಾಪ್, ನೀರು ಇವನ್ನಷ್ಟೇ ವಿಧಿಸಿತು. ಯೀಸ್ಟಿನ ಹೆಸರೇ ಅದರಲ್ಲಿಲ್ಲ. ಪೀಪಾಯಿಯ ತಳದ ಮಡ್ಡಿಯನ್ನು ಕಸುಬುದಾರರು ಮುಂದಿನ ಅಡುವಿಕೆಗೆ ಕಾಯ್ದಿಡುತ್ತಿದ್ದರಾದರೂ ಅದು ಸಜೀವವೆಂದು ಅರಿತಿರಲಿಲ್ಲ. 1837ರಲ್ಲಿ ಥಿಯೊಡೋರ್ ಷ್ವಾನನು ಹಾಗೆಂದಾಗ ಲೀಬಿಗನಂತಹ ರಸಾಯನಪಂಡಿತರು ಒಪ್ಪಲಿಲ್ಲ. 1876ರಲ್ಲಿ ಪಾಸ್ತರನು ಬೀರನ್ನು ಕುರಿತ ತನ್ನ ಗ್ರಂಥದಲ್ಲಿ ಅದರ ಕಾರ್ಯವನ್ನು ವಿಸ್ತಾರವಾಗಿ ನಿರೂಪಿಸಿದನು. ಮಡ್ಡಿಯೆನಿಸಿಕೊಂಡುದೇ ಕರ್ತೃವಾಗಿದ್ದಿತು!

ಕನ್ನಡದಲ್ಲಿ ತಿಳಿ ಎಂಬ ಒಂದೇ ಮಾತು ನಿರ್ಮಲತೆಗೂ ಅರಿವಿಗೂ ಸಲ್ಲುತ್ತದೆ. ಆದರೆ ತಿಳಿಯಾಗಿ ಕಂಡುದೆಲ್ಲ ತಿಳಿದುದಲ್ಲ. ಗಸಿಯನ್ನು ನಿರ್ಣಯಿಸತಕ್ಕುದು ಕಣ್ಣಲ್ಲ, ಉದ್ದೇಶದ ಅರಿವು. ಭಾಷೆಯಿಂದ ಅನ್ಯಪದಗಳನ್ನೂ ಸಮಾಜದಿಂದ ಬೇಡದ ಜನರನ್ನೂ ಸೋಸಹೊರಡುವವರು ಈ ಭೇದವನ್ನು ಎಣಿಸುವುದಿಲ್ಲ. ಯಾವುದನ್ನೂ ಬಿಡಲೊಲ್ಲದವನ ಪಾತ್ರೆಯೂ ಕೆಡುವುದು ನಿಜವೇ. ಕ್ರೌರ್ಯ, ಅಸತ್ಯಗಳನ್ನು ಪೋಷಕವೆಂದು ಉಳಿಸಿಕೊಳ್ಳಬೇಕಾದುದಿಲ್ಲ. ಆದರೆ ದೋಷವನ್ನು ಕಳೆಯುವುದು ಬೇರೆ, ಮನುಷ್ಯನನ್ನು ಕಳೆಯುವುದು ಬೇರೆ. ಬೀರು ಮಾಡುವವನು ತಪ್ಪಿದರೆ ಹೋಗುವುದು ಒಂದು ಪಾತ್ರೆ ರಸ. ಮರುವಾರ ಇನ್ನೊಂದನ್ನು ಕುದಿಸಿಯಾನು. ಮನುಷ್ಯರನ್ನು ಗಸಿಯೆಂದು ಚೆಲ್ಲಿದ ಸಮಾಜಕ್ಕೆ ಆ ಅನುಕೂಲವಿಲ್ಲ.